ತಟ್ಟೇಲಿ ಎಂಜಲು ಇರಲ್ವಲ್ಲ?

"ನಿಮ್ ತಟ್ಟೇಲಿ ಎಂಜಲು ಇರಲ್ವಲ್ಲ ಮಾರಾಯ್ರೆ, ಅದು ಹ್ಯಾಗೆ ಬಾಯಿ ಆಗುತ್ತೆ?"

ಸೋಮವಾರ ನಮ್ಮ ಲ್ಯಾಬಿಗೆ ಬಿದ್ದ ಪ್ರಶ್ನೆ. ತಟ್ಟೆ ಅಂದರೆ ಜೀವಕೋಶ ಬೆಳೆಸುವ ತಟ್ಟೆ, ಎಂಜಲು ಅಂದರೆ ಬಾಯಿಯ ಜೊಲ್ಲು. ಇವತ್ತು ಶನಿವಾರ. ಇನ್ಕ್ಯುಬೇಟರಿನ ಬಾಗಿಲು ತೆಗೆದಾಗಲೆಲ್ಲ ಇದೇ ಮಾತು ಕಿವಿಯಲ್ಲಿ.

ಕೇಳಿದವರು ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರು. ಐವತ್ತರ ಆಚೀಚೆ ವಯಸ್ಸು. ಮೊದಲ ಬಸ್ಸಿಗೇ ಶಿವಮೊಗ್ಗಕ್ಕೆ ಬಂದಿದ್ದರು. ಖಾರ ತಾಗಿದರೆ ಬಾಯೆಲ್ಲ ಉರಿ, ತುತ್ತು ಸಣ್ಣದು ಮಾಡದೆ ಒಳಗೆ ಹೋಗುವುದಿಲ್ಲ, ಒಲೆ ಊದುವುದಕ್ಕೂ ಆಗುತ್ತಿಲ್ಲ ಎಂದು ಅವರ ಹೆಂಡತಿಯೇ ಹೇಳಿದರು. ಅವರಾಗಿ ಹೇಳುತ್ತಿದ್ದರೋ ಇಲ್ಲವೋ. ಮೂರು ಬೆರಳು ಒಂದರ ಮೇಲೊಂದು ನಿಲ್ಲಿಸಿ ಬಾಯಿಗೆ ಇಟ್ಟುಕೊಳ್ಳಿ ಅಂದರೆ ಎರಡಕ್ಕೇ ತಡೆ. ಕ್ಯಾಲಿಪರ್ ಇಟ್ಟು ಮೇಲಿನ ಬಾಚಿಹಲ್ಲಿಗೂ ಕೆಳಗಿನದಕ್ಕೂ ನಡುವಿನ ಅಂತರ ಅಳೆದಾಗ 24 ಮಿಲಿಮೀಟರ್ ಬಂತು. ಆರೋಗ್ಯವಂತರಲ್ಲಿ ಅದು 40ರ ಆಸುಪಾಸು ಇರುತ್ತದೆ. ಕೆನ್ನೆಯ ಒಳಮೈ ಬಿಳಿಚಿಕೊಂಡು ಅಮೃತಶಿಲೆಯ ಹಾಗಿತ್ತು. ಬೆರಳಾಡಿಸಿದರೆ ಮೇಲಿಂದ ಕೆಳಕ್ಕೆ ಹಗ್ಗ ಎಳೆದು ಕಟ್ಟಿದಂಥ ಪಟ್ಟಿಗಳು.

ಸಬ್‌ಮ್ಯೂಕಸ್ ಫೈಬ್ರೋಸಿಸ್, ಅಂದರೆ ಬಾಯಿಯ ಒಳಪದರದಡಿ ನಾರು ಬೆಳೆದು ಬಾಯಿ ಬಿಗಿಯುವ ರೋಗ. 1952ರಲ್ಲಿ ಕೀನ್ಯಾದಲ್ಲಿದ್ದ ಐವರು ಭಾರತೀಯ ಹೆಂಗಸರ ಬಾಯಲ್ಲಿ ಷ್ವಾರ್ಟ್ಸ್ ಎಂಬ ವೈದ್ಯರು ಗುರುತಿಸಿದ್ದು, ಮರುವರ್ಷ ಮುಂಬೈನ ಜೋಶಿ ಈಗಿನ ಹೆಸರಿಗೆ ಹತ್ತಿರದ ಹೆಸರು ಕೊಟ್ಟದ್ದು. ಕೇರಳದಲ್ಲಿ ಇಂಥ 66 ಮಂದಿಯನ್ನು 17 ವರ್ಷ ಬೆನ್ನುಹತ್ತಿ ನೋಡಿದಾಗ ಶೇಕಡಾ 7.6ರಷ್ಟು ಜನರಿಗೆ ಬಾಯಿ ಕ್ಯಾನ್ಸರ್ ಬಂದಿತ್ತು. ಆದ್ದರಿಂದ ಕೆನ್ನೆಯಿಂದ ಒಂದು ಚೂರು ತೆಗೆದು ಪೆಥಾಲಜಿಗೆ ಕಳಿಸಲೇಬೇಕು. ಆ ಚೂರಿನ ಒಂದು ಅಂಚನ್ನು ನಮಗೆ ಕೊಡಬಹುದೇ, ಅದರಿಂದ ಜೀವಕೋಶ ಬೆಳೆಸಿ ಅಡಿಕೆ ಏನು ಮಾಡುತ್ತದೆಂದು ನೋಡುತ್ತೇವೆ ಎಂದು ಕೇಳುವುದು ನಮ್ಮ ಪಾಲಿನ ಕೆಲಸ.

ಒಪ್ಪಿಗೆ ಪತ್ರವನ್ನು ಅವರು ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. ಬೆರಳಿನ ಸಂದುಗಳಲ್ಲೆಲ್ಲ ಚೊಗರಿನ, ಅಂದರೆ ಅಡಿಕೆ ಬೇಯಿಸಿದ ರಸದ, ಕೆಂಪು ಕಪ್ಪಾಗಿ ಕೂತಿತ್ತು. ಅಡಿಕೆ ಗೊನೆ ಕೊಯ್ಲು ನಡೆಯುತ್ತಿರುವ ಮನೆಯ ಕೈ ಅದು, ಎಷ್ಟು ತೊಳೆದರೂ ಬಿಡುವುದಿಲ್ಲ. "ಹೊಗೆಸೊಪ್ಪು ನಾನು ಮುಟ್ಟಿದವನಲ್ಲ, ಬರೀ ಕವಳ" ಅಂದರು. ಕವಳ ಅಂದರೆ ಎಲೆ, ಅಡಿಕೆ, ಸುಣ್ಣ. ಆಮೇಲೆ ಎರಡು ಪ್ರಶ್ನೆ. ಒಂದು, ಆ ಚೂರು ನಿಮ್ಮಲ್ಲಿ ಎಷ್ಟು ದಿನ ಬದುಕಿರುತ್ತೆ? ಇನ್ನೊಂದು, ಎಂಜಲಿನದು.

ಪಕ್ಕದಲ್ಲಿದ್ದ ನಮ್ಮ ಹುಡುಗ "ಅದೆಲ್ಲ ಟೆಕ್ನಿಕಲ್ ಯಜಮಾನ್ರೆ" ಅಂದುಬಿಟ್ಟ. ಒಳ್ಳೆಯ ಕೆಲಸಗಾರ, ಹುಡ್ (ಸೋಸಿದ ಗಾಳಿ ಬೀಸುವ ಕೆಲಸದ ಪೆಟ್ಟಿಗೆ) ಒಳಗೆ ಅವನ ಕೈ ನೋಡುವುದೇ ಒಂದು ಪಾಠ. ಆದರೆ ಆ ಉತ್ತರ ತಪ್ಪು. ಆ ಎಂಜಲಿನ ಪ್ರಶ್ನೆಯಷ್ಟು ಟೆಕ್ನಿಕಲ್ ಆದದ್ದು ಆವತ್ತು ಆ ಕೋಣೆಯಲ್ಲಿ ಬೇರೆ ಯಾವುದೂ ಇರಲಿಲ್ಲ.

ಮೊದಲ ಪ್ರಶ್ನೆಗೆ ಉತ್ತರ ಸುಲಭ. ಮನುಷ್ಯನ ಸಾಮಾನ್ಯ ಜೀವಕೋಶ ತಟ್ಟೆಯಲ್ಲಿ ಶಾಶ್ವತವಲ್ಲ. 1961ರಲ್ಲಿ ಹೇಫ್ಲಿಕ್ ಮತ್ತು ಮೂರ್‌ಹೆಡ್ ತೋರಿಸಿದಂತೆ ಭ್ರೂಣದ ಫೈಬ್ರೋಬ್ಲಾಸ್ಟ್ (ನಾರು ನೇಯುವ ಕೋಶ) ಸುಮಾರು 40ರಿಂದ 60 ಸಲ ಇಮ್ಮಡಿಸಿ ನಿಂತುಬಿಡುತ್ತದೆ. ದೊಡ್ಡವರದು ಅದಕ್ಕೂ ಮೊದಲೇ. ವಯಸ್ಸಾದ ಕೋಶ ಅಗಲವಾಗಿ, ಚಪ್ಪಟೆಯಾಗಿ, ಬೇರೆ ಥರದ ಸ್ರಾವ ಬಿಡತೊಡಗುತ್ತದೆ, ಹಾಗಾಗಿ ಮೂರನೇ ಪಾತಿಯಿಂದ ಆರನೇ ಪಾತಿಯವರೆಗಿನದನ್ನಷ್ಟೇ ಪ್ರಯೋಗಕ್ಕೆ ಬಳಸುತ್ತೇವೆ. ತಟ್ಟೆ ತುಂಬಿದಾಗ ಕೋಶಗಳನ್ನು ಬಿಡಿಸಿ ಹೊಸ ತಟ್ಟೆಗೆ ಹಾಕಿದರೆ ಒಂದು ಪಾತಿ. ಉಳಿದದ್ದು, ಹೆಪ್ಪುಗಟ್ಟುವಾಗ ಕೋಶ ಒಡೆಯದಂತೆ ಕಾಯುವ ಶೇಕಡಾ 10 ಡಿಎಂಎಸ್‌ಒ ಸೇರಿಸಿ, ನಿಮಿಷಕ್ಕೆ 1 ಡಿಗ್ರಿಯಂತೆ ತಣಿಸಿ, ಮೈನಸ್ 196 ಡಿಗ್ರಿಯ ದ್ರವ ಸಾರಜನಕಕ್ಕೆ. ಅಲ್ಲಿ ವರ್ಷಗಟ್ಟಲೆ ಇರುತ್ತದೆ. ಇದನ್ನೆಲ್ಲ ಮೊದಲೇ ಹೇಳಿ ಸಹಿ ಪಡೆಯುವುದು ಉಪಚಾರಕ್ಕಲ್ಲ. 1951ರಲ್ಲಿ ಬಾಲ್ಟಿಮೋರಿನಲ್ಲಿ ಹೆನ್ರಿಯೆಟಾ ಲ್ಯಾಕ್ಸ್ ಅವರ ಗೆಡ್ಡೆಯಿಂದ ತೆಗೆದ ಹೀಲಾ ಕೋಶಗಳು ಇವತ್ತಿಗೂ ಲೋಕದ ಎಷ್ಟೋ ಲ್ಯಾಬುಗಳಲ್ಲಿ ಬೆಳೆಯುತ್ತಿವೆ. ಆಕೆಯನ್ನು ಯಾರೂ ಕೇಳಿರಲಿಲ್ಲ.

ಎಂಜಲಿನ ಪ್ರಶ್ನೆಗೆ ಬರುವ ಮೊದಲು ಆ ಚೂರು ಏನಾಯಿತು ಹೇಳಬೇಕು. ಅಕ್ಕಿಕಾಳಿನ ಅರ್ಧದಷ್ಟು. ತೆಗೆದ ಕೂಡಲೇ ಆಂಟಿಬಯೋಟಿಕ್ ಬೆರೆಸಿದ ತಣ್ಣನೆಯ ಡಿಎಂಇಎಂ ಎಂಬ ಪೋಷಕ ದ್ರಾವಣಕ್ಕೆ, ಐಸಿನ ಮೇಲೆ. ಬಾಯಿಯಷ್ಟು ಸೂಕ್ಷ್ಮಜೀವಿ ತುಂಬಿದ ಜಾಗ ದೇಹದಲ್ಲಿ ಕಡಿಮೆ, ಆದ್ದರಿಂದ ಪೆನಿಸಿಲಿನ್, ಸ್ಟ್ರೆಪ್ಟೊಮೈಸಿನ್ ಜೊತೆಗೆ ಶಿಲೀಂಧ್ರಕ್ಕೆ ಆಂಫೊಟೆರಿಸಿನ್-ಬಿ ಹಾಕಿ ನಾಲ್ಕೈದು ಸಲ ತೊಳೆಯಬೇಕು. ಒಂದು ತೊಳೆತ ಉಳಿಸಿದರೆ ಮೂರನೇ ದಿನ ತಟ್ಟೆಯ ತುಂಬ ಯೀಸ್ಟು. ದ್ರಾವಣದ ಕೆಂಪು ಹಳದಿಗೆ ತಿರುಗಿದರೆ ಆಮ್ಲ ಏರಿತೆಂದು ಅರ್ಥ. ಇಷ್ಟು ಕಡಿಮೆ ಕೋಶವಿರುವಾಗ ಒಂದೇ ರಾತ್ರಿಯಲ್ಲಿ ಹಳದಿಯಾಯಿತೆಂದರೆ ಅದು ಸೂಕ್ಷ್ಮಜೀವಿಯ ಕೆಲಸ. ಎಸೆಯಬೇಕು, ಉಳಿಸಿಕೊಳ್ಳುವ ಆಸೆ ಪಡಬಾರದು. ಮೈಕೊಪ್ಲಾಸ್ಮಾ ಎಂಬ ಅತಿಸಣ್ಣ ಬ್ಯಾಕ್ಟೀರಿಯ ಇನ್ನೂ ಕೆಟ್ಟದ್ದು, ಬಣ್ಣ ಬದಲಿಸುವುದಿಲ್ಲ, ಸೂಕ್ಷ್ಮದರ್ಶಕಕ್ಕೂ ಕಾಣಿಸುವುದಿಲ್ಲ. ಅದರ ಡಿಎನ್ಎ ಹುಡುಕುವ ಪಿಸಿಆರ್ ಪರೀಕ್ಷೆ ಮಾಡಿಯೇ ಹಿಡಿಯಬೇಕು.

ತೊಳೆದ ಮೇಲೆ ಎರಡು ಬ್ಲೇಡು ಕತ್ತರಿಯಂತೆ ಹಿಡಿದು 1 ಮಿಲಿಮೀಟರಿನ ಚೂರುಗಳಾಗಿ ಕೊಯ್ಯುವುದು. ಎಳೆಯಬಾರದು, ಜಜ್ಜಬಾರದು. ಆರೋಗ್ಯದ ಕೆನ್ನೆಯ ಚೂರು ಹಸಿ ಕೊಬ್ಬರಿಯಂತೆ ಕೊಯ್ಯಲು ಬರುತ್ತದೆ. ಇದು ಒದ್ದೆ ಚರ್ಮದಂತೆ ಬ್ಲೇಡಿಗೆ ಜಾರುತ್ತಿತ್ತು. ಹದಿನಾಲ್ಕು ಚೂರು ಸಿಕ್ಕಿದವು. ಅವನ್ನು ತಟ್ಟೆಯ ಮೇಲಿಟ್ಟು ಸ್ವಲ್ಪ ಹೊತ್ತು ಹಾಗೇ ಬಿಟ್ಟು, ಅಂಟಿಕೊಂಡ ಮೇಲೆ ಅಂಚಿನಿಂದ ಹನಿಹನಿಯಾಗಿ ದ್ರಾವಣ ಬಿಡಬೇಕು. ಅವಸರಪಟ್ಟರೆ ಎಲ್ಲ ತೇಲುತ್ತವೆ, ತೇಲಿದ ಚೂರಿನಿಂದ ಕೋಶ ಹೊರಡುವುದಿಲ್ಲ. ಆಮೇಲೆ 37 ಡಿಗ್ರಿ, ಶೇಕಡಾ 5 ಇಂಗಾಲದ ಡೈಆಕ್ಸೈಡ್, ಶೇಕಡಾ 10 ಕರುವಿನ ಸೀರಮ್. ಮತ್ತೆ ಕಾಯುವುದು. ತಟ್ಟೆ ಅಲುಗಾಡಿಸದೆ ಇರುವುದೇ ಮೊದಲ ಮೂರು ದಿನದ ಕೆಲಸ.

ಆ ಕೋಶಗಳನ್ನು ಏನು ಕೇಳುತ್ತೇವೆ? ಫೈಬ್ರೋಬ್ಲಾಸ್ಟಿಗೆ ಎರಡು ಕೆಲಸ. ಕೊಲಾಜೆನ್ ಎಂಬ ನಾರನ್ನು ನೇಯುತ್ತದೆ, ಹಳೆಯ ನಾರನ್ನು ತಾನೇ ನುಂಗಿ ಕರಗಿಸುತ್ತದೆ. ಅಡಿಕೆ ತೋಟಕ್ಕೆ ವರ್ಷ ವರ್ಷ ಸೊಪ್ಪು, ಮಣ್ಣು ಹಾಕುತ್ತೇವೆ, ಹಾಗೇ ಬಸಿಗಾಲುವೆಯನ್ನೂ ಎತ್ತುತ್ತೇವೆ. ಮಣ್ಣು ಹಾಕುವವರು ಹಾಕುತ್ತಲೇ ಇದ್ದು ಕಾಲುವೆ ಎತ್ತುವವರು ಕೈಬಿಟ್ಟರೆ ತೋಟದ ಗತಿ ಏನು? ಕೆನ್ನೆಯಲ್ಲಿ ಆಗುವುದೂ ಅದೇ. ಅಡಿಕೆಯಲ್ಲಿರುವ ಅರೆಕೊಲಿನ್ ಎಂಬ ಆಲ್ಕಲಾಯ್ಡ್ (ಸಸ್ಯದ ಕ್ಷಾರಗುಣದ ರಾಸಾಯನಿಕ) ತಗುಲಿದ ಫೈಬ್ರೋಬ್ಲಾಸ್ಟ್ ನಾರು ನುಂಗುವುದನ್ನು ಕಡಿಮೆ ಮಾಡುತ್ತದೆ ಎನ್ನುವುದು ತಟ್ಟೆಯಲ್ಲಿ ಕಂಡದ್ದು. ಅಡಿಕೆಯ ಟ್ಯಾನಿನ್ ಮತ್ತು ಕ್ಯಾಟೆಚಿನ್‌ಗಳು ನಾರನ್ನು ಹದ ಮಾಡಿದ ತೊಗಲಿನಂತೆ ಗಟ್ಟಿಗೊಳಿಸುತ್ತವೆ, ಕೊಲಾಜೆನ್ ಕಡಿಯುವ ಕೊಲಾಜಿನೇಸ್ ಕಿಣ್ವ ಅದನ್ನು ಕಡಿಯಲಾರದು. ಅಡಿಕೆಯಲ್ಲಿ ತಾಮ್ರವೂ ಹೆಚ್ಚು. ನಾರಿಗೆ ನಾರು ಹೊಲಿಯುವ ಲೈಸಿಲ್ ಆಕ್ಸಿಡೇಸ್ ಎಂಬ ಕಿಣ್ವ ನಡೆಯುವುದೇ ತಾಮ್ರದಿಂದ. ಆ ತಾಮ್ರ ಕಾಯಿಯದೇ ಗುಣವೋ, ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ಮದ್ದಿನದೋ ಎಂದು ಆ ಬೆಳೆಗಾರರು ಮಾತಿನ ನಡುವೆ ಕೇಳಿದ್ದರು. ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತ ಕದಡಿದವರಿಗೆ ಬರುವ ಪ್ರಶ್ನೆ. ಅದಕ್ಕೆ ತಟ್ಟೆಯ ಕೋಶ ಉತ್ತರ ಕೊಡದು. ಸಿಂಪಡಿಸಿದ ತೋಟದ, ಸಿಂಪಡಿಸದ ತೋಟದ ಕಾಯಿಗಳನ್ನೇ ಅಳೆಯಬೇಕು.

ತಟ್ಟೆ ದಾರಿ ತಪ್ಪಿಸಿದ್ದೂ ಇದೆ. 1986ರಲ್ಲಿ ಕೆನ್ನೆಯ ಫೈಬ್ರೋಬ್ಲಾಸ್ಟ್‌ಗಳಿಗೆ ಅಡಿಕೆಯ ಆಲ್ಕಲಾಯ್ಡ್ ಕೊಟ್ಟವರು ಕೊಲಾಜೆನ್ ಹೆಚ್ಚಿತು ಅಂದರು. ಆಮೇಲೆ ದಕ್ಷಿಣ ಆಫ್ರಿಕಾದಲ್ಲಿ, ತೈವಾನಿನಲ್ಲಿ ಮಾಡಿದಾಗ ಕೋಶಗಳ ಬೆಳವಣಿಗೆಯೇ ಕುಂಠಿತ. ಇಬ್ಬರೂ ಸುಳ್ಳು ಹೇಳಲಿಲ್ಲ. ಪ್ರಮಾಣ ಬೇರೆ, ಕೋಶ ಬೇರೆ, ಕೊಟ್ಟದ್ದು ಶುದ್ಧ ಆಲ್ಕಲಾಯ್ಡೋ ಇಡೀ ಅಡಿಕೆಯ ಸಾರವೋ ಎನ್ನುವುದು ಬೇರೆ. 2012ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ನೋಡಿದ್ದು ನಾರು ನೇಯುವ ಕೋಶವನ್ನಲ್ಲ, ಮೇಲಿನ ಹೊದಿಕೆಯ ಕೋಶವನ್ನು. ಅಡಿಕೆಯ ಅಂಶಗಳು ತಗುಲಿದ್ದು ಹೊದಿಕೆಯ ಕೋಶಕ್ಕೆ, ಅಲ್ಲಿ ಎಚ್ಚೆತ್ತದ್ದು ಟಿಜಿಎಫ್-ಬೀಟಾ ಎಂಬ ಸಂಕೇತ. ಕೆಳಗಿನ ಫೈಬ್ರೋಬ್ಲಾಸ್ಟ್ ನಾರು ನೇಯಲು ತೊಡಗುವುದು ಇದೇ ಸಂಕೇತದಿಂದ. ಒಂದೇ ಜಾತಿಯ ಕೋಶವನ್ನು ಒಂಟಿಯಾಗಿ ತಟ್ಟೆಯಲ್ಲಿ ಕೂಡಿಸಿ ಪ್ರಶ್ನೆ ಕೇಳಿದರೆ ಇಂಥ ಮಾತುಕತೆ ಕಿವಿಗೆ ಬೀಳುವುದೇ ಇಲ್ಲ.

ಈಗ ಎಂಜಲು. ಅಡಿಕೆಯನ್ನು ಸುಣ್ಣದ ಜೊತೆ ಅಗಿದಾಗ ಕ್ಷಾರದಲ್ಲಿ ಅರೆಕೊಲಿನ್ ಒಡೆದು ಅರೆಕೈಡಿನ್ ಆಗುತ್ತದೆ. ಎಂಜಲಿನಲ್ಲಿ ನೈಟ್ರೈಟ್ ಇದೆ, ಅದನ್ನು ಮಾಡಿಕೊಡುವ ಬ್ಯಾಕ್ಟೀರಿಯ ಇವೆ. ಆಲ್ಕಲಾಯ್ಡ್ ಜೊತೆ ಸೇರಿ ನೈಟ್ರೊಸಮೈನ್‌ಗಳಾಗುತ್ತವೆ, ಅವುಗಳಲ್ಲಿ ಕೆಲವು ಪ್ರಾಣಿಗಳಲ್ಲಿ ಕ್ಯಾನ್ಸರ್ ತಂದದ್ದು ಗೊತ್ತಿದೆ. ಅದೇ ಎಂಜಲು ವಿಷವನ್ನು ತೆಳುಮಾಡುತ್ತದೆ, ತೊಳೆದೂ ಹಾಕುತ್ತದೆ. ಬಾಯಲ್ಲಿ ಕವಳ ಇರುವುದು ಹತ್ತು ಹದಿನೈದು ನಿಮಿಷ, ಆಮೇಲೆ ಬಿಡುವು, ಮತ್ತೆ ಕವಳ, ಹೀಗೆ ಮೂವತ್ತು ವರ್ಷ. ನಮ್ಮ ತಟ್ಟೆಯಲ್ಲಿ ಒಂದೇ ಪ್ರಮಾಣ 24 ಗಂಟೆ ನಿಂತಿರುತ್ತದೆ, ಮುಗಿಯಿತು. ಎಂಜಲು ಇಲ್ಲದಿರುವುದು ಅಡಿಕೆಯ ಪರವಾಗಿಯೂ ತಪ್ಪಿಸಬಹುದು, ವಿರುದ್ಧವಾಗಿಯೂ ತಪ್ಪಿಸಬಹುದು. ಅವರು ಒಂದೇ ಮಾತಿನಲ್ಲಿ ಕೇಳಿದ್ದು ಇದನ್ನೇ.

ಉತ್ತರವಾಗಿ ಹೇಳಿದ್ದಿಷ್ಟು: ಹೌದು, ಅದು ಬಾಯಿ ಅಲ್ಲ. ಹೇಗೆ ಆಗುತ್ತದೆ ಎಂದು ತಟ್ಟೆ ತೋರಿಸುತ್ತದೆ. ಆಗುತ್ತದೋ ಇಲ್ಲವೋ ಎನ್ನುವುದನ್ನು ಜನರನ್ನು ನೋಡಿಯೇ ಹೇಳಬೇಕು. ತೈವಾನಿನಲ್ಲಿ ತಂಬಾಕು ಸೇರಿಸದೆ ಅಡಿಕೆ ಅಗಿಯುತ್ತಾರೆ, ಅಲ್ಲಿಯೂ ಬಾಯಿ ಕ್ಯಾನ್ಸರ್ ಹೆಚ್ಚು. ಅಂಥ ಅಧ್ಯಯನಗಳೂ ಕೋಶದ ಸಾಕ್ಷ್ಯವೂ ಕೂಡಿದ ಮೇಲೆಯೇ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಏಜೆನ್ಸಿ 2004ರ ವರದಿಯಲ್ಲಿ ಅಡಿಕೆಯನ್ನೇ ಮೊದಲ ಗುಂಪಿಗೆ, ಅಂದರೆ ಮನುಷ್ಯರಲ್ಲಿ ಕ್ಯಾನ್ಸರ್ ತರುವುದು ಖಚಿತವಾದವುಗಳ ಗುಂಪಿಗೆ ಸೇರಿಸಿತು. ಹೊಗೆಸೊಪ್ಪು ಮುಟ್ಟಿಲ್ಲ ಎನ್ನುವುದು ಒಳ್ಳೆಯದೇ, ಆದರೆ ಅಷ್ಟರಿಂದ ಬಾಯಿ ಉಳಿಯುವುದಿಲ್ಲ. ಇವತ್ತಿನಿಂದ ಕವಳ ನಿಲ್ಲಿಸಬೇಕು. ಬಿಗಿದ ನಾರು ತಾನಾಗಿ ಸಡಿಲುವುದಿಲ್ಲ, ಇನ್ನಷ್ಟು ಬಿಗಿಯದ ಹಾಗೆ ನೋಡಿಕೊಳ್ಳಬಹುದು, ವ್ಯಾಯಾಮದಿಂದ ಬಾಯಿ ಒಂದಿಷ್ಟು ತೆರೆಯಿಸಬಹುದು, ಆರಾರು ತಿಂಗಳಿಗೆ ತಪ್ಪದೆ ಬಂದು ತೋರಿಸಬೇಕು.

ಅವರು ಮುಖ ಗಂಟು ಹಾಕಲಿಲ್ಲ. ಮನೆಯ ಮಾಡು, ಮಕ್ಕಳ ಓದು, ಸಾಲ ತೀರಿದ್ದು ಎಲ್ಲವೂ ಅಡಿಕೆಯಿಂದಲೇ ಎಂದು ಹೆಂಡತಿ ಮೆಲ್ಲಗೆ ಅಂದರು. ಮಲೆನಾಡಿನಲ್ಲಿ ಯಾರ ಮನೆಯದು ಹಾಗಲ್ಲ? ಬೆಳೆಗಾರರಿಗೆ ಇದನ್ನು ಹೇಳಬಾರದು, ಮಾರುಕಟ್ಟೆ ಕೆಡುತ್ತದೆ ಎನ್ನುವವರ ಮೇಲೆ ಸಿಟ್ಟು ಬರುವುದು ಇಂಥ ಹೊತ್ತಿನಲ್ಲಿ. ಅಡಿಕೆಯ ಜೊತೆ ಹುಟ್ಟಿನಿಂದ ಬದುಕಿದವರಿಗೆ ಅದರ ಪೂರ್ತಿ ವಿಷಯ ಮೊದಲು ತಿಳಿಯಬೇಕು, ಕೊನೆಗಲ್ಲ.

ಏಳುವಾಗ ಅವರು ಹೇಳಿದ್ದು: "ಪೇಟೆ ಅಡಿಕೆ ಯಾಕೆ? ನಮ್ಮನೇದು ಕಳಿಸ್ತೀನಿ, ಅದ್ರಲ್ಲೇ ನೋಡಿ."

ಈ ವಾರ ಪ್ರಯೋಗದ ಯೋಜನೆ ಬದಲಾಯಿತು. ಸಾರ ತೆಗೆಯುವ ಕ್ರಮ ಮೊದಲಿನದೇ: 10 ಗ್ರಾಂ ಪುಡಿ, 100 ಮಿಲಿಲೀಟರ್ ನೀರು, ರಾತ್ರಿಯಿಡೀ 4 ಡಿಗ್ರಿಯಲ್ಲಿ ಕದಡಿ, ಸೋಸಿ, 0.22 ಮೈಕ್ರಾನ್ ಫಿಲ್ಟರ್. ಈಗ ಇನ್ನೆರಡು ಸಾಲು ಹೆಚ್ಚು. ಒಂದು ಸುಣ್ಣ ಹಾಕಿ ಕದಡಿ, ಆಮೇಲೆ ಕ್ಷಾರ ಸರಿಪಡಿಸಿದ್ದು. ಇನ್ನೊಂದು ಎಂಜಲಿನಲ್ಲೇ ನೆನೆಸಿ ಸೋಸಿದ್ದು. ಕೋಶಕ್ಕೆ ಕೊಡುವುದು 15 ನಿಮಿಷ, ತೊಳೆತ, ಎರಡು ಗಂಟೆ ಬಿಡುವು, ಮತ್ತೆ 15 ನಿಮಿಷ. ತೊಡಕೂ ಹೆಚ್ಚು. ಬದುಕಿದ ಕೋಶ ಎಷ್ಟಿದೆ ಎಂದು ತಿಳಿಯಲು ಹಾಕುವ ಎಂಟಿಟಿ ಬಣ್ಣವನ್ನು ಟ್ಯಾನಿನ್ ಕೋಶವಿಲ್ಲದೆಯೇ ನೇರಳೆ ಮಾಡಿಬಿಡುತ್ತದೆ, ಸತ್ತ ಕೋಶ ಬದುಕಿದಂತೆ ಕಾಣುತ್ತದೆ. ಅದಕ್ಕೆ ಕೋಶವೇ ಇಲ್ಲದ ಬಾವಿಗಳ (ತಟ್ಟೆಯ ಪುಟ್ಟ ಕುಳಿಗಳ) ಒಂದು ಸಾಲು ಬೇಕೇ ಬೇಕು. ಕ್ಯಾಟೆಚಿನ್ ದ್ರಾವಣದಲ್ಲಿ ತಾನಾಗಿ ಹೈಡ್ರೊಜನ್ ಪೆರಾಕ್ಸೈಡ್ ಹುಟ್ಟಿಸುತ್ತದೆ. ಕೋಶ ಸತ್ತದ್ದು ಅಡಿಕೆಯಿಂದಲೋ ಪೆರಾಕ್ಸೈಡಿನಿಂದಲೋ ತಿಳಿಯಲು ಪೆರಾಕ್ಸೈಡ್ ಒಡೆಯುವ ಕೆಟಲೇಸ್ ಕಿಣ್ವ ಹಾಕಿದ ಇನ್ನೊಂದು ಸಾಲು. ತೊಂಬತ್ತಾರು ಬಾವಿಯ ತಟ್ಟೆ ಒಂದು ಸಾಲದು, ಮೂರು ಬೇಕು.

ಇವತ್ತು ಬೆಳಿಗ್ಗೆ ನೋಡಿದಾಗ ಹದಿನಾಲ್ಕು ಚೂರುಗಳಲ್ಲಿ ಹನ್ನೊಂದು ಸುಮ್ಮನಿದ್ದವು, ಎರಡು ಕಳಚಿಕೊಂಡು ತೇಲುತ್ತಿದ್ದವು. ಒಂದರ ಅಂಚಿನಿಂದ ಮೂರು ಕೋಶಗಳು ಹೊರಗೆ ಕಾಲು ಚಾಚಿದ್ದವು. ಉದ್ದಕ್ಕೆ, ಎರಡು ತುದಿ ಚೂಪು, ನಡುವೆ ಬೀಜದ ಹಾಗೆ ಕೇಂದ್ರ.

ಮೇಜಿನ ಮೇಲೆ ಬಸ್ಸಿನಲ್ಲಿ ಬಂದ ಪೊಟ್ಟಣ. ಎರಡು ಹಿಡಿ ರಾಶಿ ಇಡಿ (ಬೇಯಿಸಿ ಒಣಗಿಸಿದ ಅಡಿಕೆ), ಬೇರೆ ಚೀಲದಲ್ಲಿ ಎರಡು ಹಿಡಿ ಬೇಯಿಸದೆ ಒಣಗಿಸಿದ್ದು. ಕೇಳಿರಲಿಲ್ಲ, ಅವರೇ ಯೋಚಿಸಿ ಕಳಿಸಿದ್ದು. ಜೊತೆಗೆ ಚೊಗರಿನ ಕಲೆ ಹತ್ತಿದ ಚೀಟಿ: "ಇದಕ್ಕೆ ಈ ವರ್ಷ ಬೋರ್ಡೋ 2 ಸಲ ಹೊಡೆದಿದೆ. ಬೇಯಿಸಿದ್ದು ಹೊಸ ನೀರಿಗೆ, ಹಳೆ ಚೊಗರು ಹಾಕಿಲ್ಲ. ಕವಳ ಬಿಟ್ಟು ಇವತ್ತಿಗೆ 4 ದಿನ."