ಮೀನಿನ ಫೀಡ್ ಕೊಳ್ಳುವ ಮೊದಲು ನೀರಿನ ಬಣ್ಣ ನೋಡಿ

ಮಂಡ್ಯ, ಮದ್ದೂರು, ಮಳವಳ್ಳಿ ಕಡೆ ಮೀನು ಸಾಕುವವರಿಗೆ ಫೀಡ್ ಮಾರುವುದು ನನ್ನ ಕೆಲಸ. ಅಂಗಡಿಗೆ ಬಂದವರು ಮೊದಲು ಕೇಳುವುದು ಒಂದೇ ಮಾತು. "ಪ್ರೊಟೀನ್ ಜಾಸ್ತಿ ಇರೋ ಚೀಲ ಕೊಡಿ." ನಾನು ತಿರುಗಿ ಕೇಳುತ್ತೇನೆ: ನಿಮ್ಮ ನೀರು ಯಾವ ಬಣ್ಣ ಇದೆ? ಕೆಲವರಿಗೆ ಸಿಟ್ಟೇ ಬರುತ್ತದೆ. ಫೀಡ್ ಕೇಳಿದ್ರೆ ಇವನೇನು ನೀರಿನ ವಿಚಾರ ತೆಗೀತಾನೆ ಅಂತ.

ಕಾರಣ ಇದೆ. ಮಣ್ಣಿನ ಹೊಂಡದಲ್ಲಿ ಸಗಣಿ ಗೊಬ್ಬರ ಹಾಕಿ ನೀರು ತಿಳಿ ಹಸಿರಾಗಿದ್ದರೆ ಅದರಲ್ಲಿ ಪ್ಲಾಂಕ್ಟನ್, ಅಂದರೆ ನೀರಲ್ಲಿ ತೇಲುವ ಸಣ್ಣ ಸಣ್ಣ ಜೀವಿಗಳು, ಬೆಳೆದಿರುತ್ತದೆ. ಒಣಗಿಸಿ ತೂಗಿದರೆ ಅದರಲ್ಲಿ ಅರ್ಧದಷ್ಟು ಪ್ರೊಟೀನೇ ಇರುವುದುಂಟು. ಕಾಟ್ಲಾ, ರೋಹುವಿನಂಥ ಗೆಂಡೆ ಜಾತಿಯ ಮೀನು ಅದನ್ನು ಬಿಟ್ಟಿಯಾಗಿ ತಿನ್ನುತ್ತವೆ. ಮೊಣಕೈವರೆಗೆ ಕೈ ಇಳಿಸಿದಾಗ ಅಂಗೈ ಆಗಷ್ಟೇ ಮಾಯವಾದರೆ ನೀರು ಚೆನ್ನಾಗಿದೆ ಎಂದು ಲೆಕ್ಕ. ಅಂಥ ಹೊಂಡದಲ್ಲಿ ದೊಡ್ಡ ಗೆಂಡೆಗಳಿಗೆ 25ರಿಂದ 28 ಪರ್ಸೆಂಟ್ ಪ್ರೊಟೀನಿನ ಫೀಡ್ ಸಾಕು. ಅದೇ ರೈತ ಮನೆ ಹಿಂದೆ ಟಾರ್ಪಾಲ್ ತೊಟ್ಟಿ ಕಟ್ಟಿ, ತಿಳಿ ನೀರಲ್ಲಿ ಒತ್ತೊತ್ತಾಗಿ ಮೀನು ಬಿಟ್ಟಿದ್ದರೆ ಕತೆ ಬೇರೆ. ಅಲ್ಲಿ ಚೀಲದಲ್ಲಿ ಇಲ್ಲದ್ದು ಮೀನಿಗೆ ಎಲ್ಲಿಂದಲೂ ಸಿಗುವುದಿಲ್ಲ. ವಿಟಮಿನ್ ಕೂಡ.

ವಯಸ್ಸನ್ನೂ ನೋಡಬೇಕು. ಬೆರಳುದ್ದಕ್ಕಿಂತ ಚಿಕ್ಕ ಮರಿಗೆ 35-40 ಬೇಕು, ಮೈ ಕಟ್ಟುವ ಕಾಲ ಅದು. ದೊಡ್ಡದಾದ ಮೇಲೆ ಕಡಿಮೆ ಸಾಕು. ಕೊರವ ಮೀನಿನ ಮಾತು ಬೇರೆ. ಅದು ಬೇಟೆಯಾಡುವ ಜಾತಿ, ದೊಡ್ಡದಾದರೂ 40ರ ಆಸುಪಾಸು ಕೇಳುತ್ತದೆ.

ಜಾಸ್ತಿ ಕೊಟ್ಟರೆ ಜಾಸ್ತಿ ಬೆಳೆಯಲ್ವಾ? ಒಂದು ಮಟ್ಟದವರೆಗೆ ಬೆಳೆಯುತ್ತದೆ. ಅದರಾಚೆ ಮೀನು ಪ್ರೊಟೀನನ್ನು ಶಕ್ತಿಗಾಗಿ ಸುಡುತ್ತದೆ. ಒಲೆಗೆ ತೇಗದ ಹಲಗೆ ಹಾಕಿದ ಹಾಗೆ. ಗೆಂಡೆ ಜಾತಿಗೆ ತೌಡಿನ ಪಿಷ್ಟದಿಂದಲೂ ಆ ಶಕ್ತಿ ಸಿಗುತ್ತದೆ, ಅದಕ್ಕೆ ದುಬಾರಿ ಪ್ರೊಟೀನ್ ಯಾಕೆ? ಸುಟ್ಟದ್ದು ಅಮೋನಿಯಾ ಆಗಿ ಕಿವಿರಿನ ಮೂಲಕ ನೀರಿಗೇ ಬರುತ್ತದೆ. ಪ್ರೊಟೀನಿನಲ್ಲಿರುವ ಸಾರಜನಕವೇ ಹೀಗೆ ಅಮೋನಿಯಾ ಆಗುವುದು. 30 ಪರ್ಸೆಂಟಿನ 100 ಕೆಜಿ ಫೀಡಿನಲ್ಲಿ 4.8 ಕೆಜಿ ಸಾರಜನಕ ಇರುತ್ತದೆ, 40ರದ್ದಾದರೆ 6.4. ಇದರಲ್ಲಿ ಮೀನಿನ ಮೈಗೆ ಸೇರುವುದು ಸಣ್ಣ ಪಾಲು, ಮಿಕ್ಕಿದ್ದೆಲ್ಲ ಹೊಂಡಕ್ಕೆ. ಮಧ್ಯಾಹ್ನ ನೀರಿನ ಪಿಎಚ್, ಅಂದರೆ ಕ್ಷಾರದ ಮಟ್ಟ, ಏರಿದಾಗ ಅಮೋನಿಯಾ ಇನ್ನೂ ವಿಷವಾಗುತ್ತದೆ. ಆಗ ಮೀನು ಮೇವು ಬಿಡುತ್ತದೆ. ರೈತರು ಬಂದು "ನಿಮ್ಮ ಫೀಡ್ ಸರಿ ಇಲ್ಲ" ಅನ್ನುತ್ತಾರೆ!

ಇನ್ನು ಚೀಲದ ಮೇಲಿನ ಅಂಕಿ. ಪ್ರೊಟೀನನ್ನು ಸಾಮಾನ್ಯವಾಗಿ ನೇರವಾಗಿ ಅಳೆಯುವುದಿಲ್ಲ. ಸಾರಜನಕ ಅಳೆದು 6.25ರಿಂದ ಗುಣಿಸುತ್ತಾರೆ. ಹಾಗಾಗಿ ಕಳ್ಳ ದಾರಿ ಸುಲಭ. 100 ಕೆಜಿಗೆ ಸಾರಜನಕ ತುಂಬಿದ ಯೂರಿಯಾ ಒಂದು ಕೆಜಿ ಬೆರೆಸಿದರೆ ಲೆಕ್ಕದಲ್ಲಿ ಪ್ರೊಟೀನ್ ಸುಮಾರು 3 ಪರ್ಸೆಂಟ್ ಏರುತ್ತದೆ, ಮೀನಿಗೆ ಒಂದು ಗ್ರಾಮೂ ದಕ್ಕುವುದಿಲ್ಲ. ಕಬ್ಬಿಗೆ ಯೂರಿಯಾ ಹಾಕಿ ಪಳಗಿದ ನಮ್ಮ ರೈತರಿಗೆ ಇದನ್ನು ಹೇಳಿದರೆ ತಟ್ಟನೆ ಅರ್ಥವಾಗುತ್ತದೆ.

ಕೈಯಲ್ಲಿ ದುಡ್ಡು ಕಮ್ಮಿ ಇದ್ದು ಹೊಂಡ ಹಸಿರಾಗಿದ್ದರೆ ನಾನೇ ಹೇಳುತ್ತೇನೆ, ಕಡಲೆಕಾಯಿ ಹಿಂಡಿ ಮತ್ತು ಅಕ್ಕಿ ತೌಡು ಸಮಸಮ ಬೆರೆಸಿ ಹಾಕಿ. ಹಿಂಡಿಯಲ್ಲಿ 40ಕ್ಕಿಂತ ಮೇಲೆ, ತೌಡಿನಲ್ಲಿ 12ರಷ್ಟು ಇರುವುದರಿಂದ ಬೆರಕೆ 26-27 ಬರುತ್ತದೆ. ಹಿಂಡಿಯಲ್ಲಿ ಲೈಸಿನ್ ಎಂಬ ಪ್ರೊಟೀನಿನ ಅಂಶ ಕಮ್ಮಿ, ಆ ಕೊರತೆಯನ್ನು ಪ್ಲಾಂಕ್ಟನ್ ತುಂಬುತ್ತದೆ. ತೊಟ್ಟಿಯವರಿಗೆ ಈ ಸಲಹೆ ಕೊಡುವುದಿಲ್ಲ. ಬೂಷ್ಟು ಹಿಡಿದ ಹಿಂಡಿ ಮಾತ್ರ ಯಾರಿಗೂ ಬೇಡ, ಅದರಲ್ಲಿ ಅಫ್ಲಾಟಾಕ್ಸಿನ್ ಎಂಬ ಬೂಷ್ಟಿನ ವಿಷ ಇದ್ದರೆ ಮೀನಿನ ಈಲಿ ಕೆಡುತ್ತದೆ.

ಡಿಸೆಂಬರ್, ಜನವರಿಯಲ್ಲಿ ಚಳಿಗೆ ಬೆಳವಣಿಗೆ ನಿಂತಿತು ಅಂತ ಹೆಚ್ಚು ಪ್ರೊಟೀನಿನ ಚೀಲ ಕೇಳಿಕೊಂಡು ಬರುತ್ತಾರೆ. ನೀರು ತಣ್ಣಗಾದರೆ ಮೀನು ತಿನ್ನುವುದೇ ಕಮ್ಮಿ. ತಿನ್ನದೆ ಬಿಟ್ಟದ್ದು ತಳದಲ್ಲಿ ಕೊಳೆಯುತ್ತದೆ. ಸುಮ್ನೆ ಹಾಕುವುದನ್ನು ಅರ್ಧ ಮಾಡಿ ಎಂದು ಹೇಳಿ ಕಳಿಸುತ್ತೇನೆ. ಆ ಎರಡು ತಿಂಗಳ ನನ್ನ ಮಾರಾಟದ ಲೆಕ್ಕ ನೋಡಿ ಮಾಲೀಕರು ಗೊಣಗುವುದು ಪ್ರತಿ ವರ್ಷ ಇದ್ದದ್ದೇ.