ಹಳ್ಳದ ಅಂಚಿನ ಬಿಳಿ ಕಲ್ಲು

1994ರ ಅಕ್ಟೋಬರ್ ಕೊನೆ. ಮಳೆ ಹೋಯ್ತು ಅಂತ ಊರೆಲ್ಲ ಹೇಳುತ್ತಿತ್ತು. ಒಂಬತ್ತನೇ ತರಗತಿಯ ನಾವು 28 ಮಕ್ಕಳು, ಭೂಗೋಳದ ಮಾಸ್ತರು, ಹಿಂದಿ ಅಕ್ಕೋರು ಒಂದು ಭಾನುವಾರ ಯಾಣಕ್ಕೆ ಹೊರಟೆವು. ಕುಮಟಾದಿಂದ ಬೆಳಗಿನ ಬಸ್ಸು, ಇಳಿದ ಮೇಲೆ ಕಾಲುದಾರಿ. ಸಂಜೆ ಬಸ್ಸಿಗೆ ವಾಪಸ್ ಬರುವುದು ಅಂತ ಲೆಕ್ಕ.

ಹಿಂದಿನ ವಾರವೇ ಮಾಸ್ತರು ಹಲಗೆಯ ಮೇಲೆ ಯಾಣದ ಎರಡು ಕಲ್ಲಿನ ಶಿಖರ ಬರೆದು ತೋರಿಸಿದ್ದರು. ಭೈರವೇಶ್ವರ ಶಿಖರ 120 ಮೀಟರ್, ಮೋಹಿನಿ ಶಿಖರ 90 ಮೀಟರ್. "ಶಾಲೆ ಹಿಂದಿನ ತೆಂಗಿನ ಮರ ಇದೆಯಲ್ಲ, ಅಂಥ ಆರು ಮರ ಒಂದರ ಮೇಲೊಂದು ನಿಲ್ಲಿಸಿ" ಎಂದಿದ್ದರು. ಅದು ಸುಣ್ಣದ ಕಲ್ಲು, ಮಳೆನೀರು ಕೊರೆದು ಕೊರೆದು ಹಾಗಾಗಿದೆ ಅಂತ ಅವರ ಪಾಠ. ಭಸ್ಮಾಸುರ ಸುಟ್ಟು ಬೂದಿಯಾದ ಜಾಗ, ಅದಕ್ಕೇ ಅಲ್ಲಿ ಮಣ್ಣೂ ಕಪ್ಪು ಅಂತ ನನ್ನ ಅಜ್ಜಿಯ ಕತೆ. "ಸೊಕ್ಕಿದ್ದವ ಯಾಣಕ್ಕೆ, ರೊಕ್ಕಿದ್ದವ ಗೋಕರ್ಣಕ್ಕೆ" ಅಂತಲೂ ಅಜ್ಜಿ ಹೇಳಿದ್ದಳು. ಆ ಕಾಡಿನ ಏರು ಹತ್ತುವಾಗ ಮಾತಿನ ಅರ್ಥ ಗೊತ್ತಾಯಿತು. ರಕ್ತ ಹೀರುವ ಉಂಬಳಗಳು ಒಣಗದ ಎಲೆಗಳ ಅಡಿಯಿಂದ ಎದ್ದು ಬರುತ್ತಿದ್ದವು. ಸುಣ್ಣ, ತಂಬಾಕು ಕಟ್ಟಿದ ಬಟ್ಟೆಗಂಟನ್ನು ಕೋಲಿನ ತುದಿಗೆ ಸಿಕ್ಕಿಸಿಕೊಂಡು ಅಕ್ಕೋರು ಒಬ್ಬೊಬ್ಬರ ಕಾಲಿಗೂ ಮುಟ್ಟಿಸುತ್ತಿದ್ದರು.

ಮಧ್ಯಾಹ್ನದ ಹೊತ್ತಿಗೆ ಒಂದು ಹಳ್ಳ ಸಿಕ್ಕಿತು. ಮರಗಳ ಸಂದಿಯಲ್ಲಿ, ಆಚೆ ದಂಡೆಯ ಮೇಲೆ, ಕಪ್ಪು ಬಂಡೆಯ ತುದಿ ಕಾಣುತ್ತಿತ್ತು. ಹಳ್ಳದಲ್ಲಿ ಮೊಣಕಾಲಿನಷ್ಟು ನೀರು, ತಳದ ಕಲ್ಲು ಎಣಿಸುವಷ್ಟು ತಿಳಿ. ಊಟ ಮಾಡಿ ದಾಟೋಣ ಎಂದರು ಮಾಸ್ತರು. ನಮ್ಮ ತಲೆ ಮೇಲೆ ಬಿಸಿಲು. ಘಟ್ಟದ ಮೇಲೆ ಮಾತ್ರ ಸಣ್ಣಗೆ ಗುಡುಗು.

ಅವಲಕ್ಕಿ ಡಬ್ಬಿ ಬಿಚ್ಚುವ ಮೊದಲು ಮಾಸ್ತರು ಒಂದು ಬಿಳಿ ಕಲ್ಲು ಹುಡುಕಿದರು. ಮುಷ್ಟಿಯಷ್ಟು ದಪ್ಪ. ಅದನ್ನು ಸರಿಯಾಗಿ ನೀರಿನ ಅಂಚಿನಲ್ಲಿಟ್ಟರು. ನನ್ನನ್ನು ಕರೆದು, "ತಮಾ, ಇದನ್ನ ನೋಡ್ತಾ ಇರು" ಎಂದರು. ಯಾಕೆ ಅಂತ ಹೇಳಲಿಲ್ಲ.

ಮೊದಲು ಕಲ್ಲಿನ ಬುಡ ಒದ್ದೆಯಾಯಿತು. ಆಮೇಲೆ ಅದರ ಸುತ್ತ ಒಣ ಎಲೆಗಳು ಬಂದು ನಿಂತವು. ನಾನು ಎರಡು ತುತ್ತು ತಿಂದು ತಿರುಗಿ ನೋಡುವಷ್ಟರಲ್ಲಿ ಅರ್ಧ ಕಲ್ಲು ನೀರಿನಲ್ಲಿತ್ತು. ಇನ್ನೆರಡು ತುತ್ತಿಗೆ ಕಲ್ಲು ಇಲ್ಲ, ನೀರು ಕೆಂಪಾಗಿತ್ತು. "ಸರ್, ಕಲ್ಲು ಹೋಯ್ತು" ಎಂದೆ.

"ಏಳಿ, ವಾಪಸ್."

ನಾವೆಲ್ಲ ಬೇಡಿಕೊಂಡೆವು. ಜಾಸ್ತಿ ಬೇಡಿದ್ದು ನಾನೇ. ಇಷ್ಟು ಹತ್ತಿರ ಬಂದಿದ್ದೇವೆ ಸರ್, ಅಲ್ಲಿ ಕಾಣ್ತಾ ಇದೆ ಸರ್, ಬೇಗ ದಾಟೋಣ ಸರ್. ಅವರು ಬೈಯಲಿಲ್ಲ. "ದಾಟಬಹುದು. ಮರಳಿ ದಾಟೋದು ಹೇಗೆ?" ಎಂದಷ್ಟೇ ಹೇಳಿ ಚೀಲ ಹೆಗಲಿಗೇರಿಸಿದರು. ಮೊದಲ ತಿರುವಿನಲ್ಲಿ ನಾನು ಹಿಂದೆ ತಿರುಗಿ ನೋಡಿದೆ. ನಾವು ಕಾಲಿಟ್ಟು ದಾಟಬೇಕೆಂದಿದ್ದ ಬಂಡೆಗಳು ಕಾಣಲೇ ಇಲ್ಲ.

ಅರ್ಧ ಗಂಟೆಯಲ್ಲಿ ಮಳೆ ನಮ್ಮ ಮೇಲೂ ಬಂತು. ದಾರಿಯೇ ಹಳ್ಳವಾಯಿತು, ಸಾಲು ತುಂಡಾಯಿತು. ಒಂದು ದೊಡ್ಡ ಮರದ ಬುಡದಲ್ಲಿ ಮಾಸ್ತರು ನಮ್ಮನ್ನು ನಿಲ್ಲಿಸಿ ಎಣಿಸಿದರು. 27. ಮತ್ತೆ ಎಣಿಸಿದರು. 27. ಆಗ ಅವರ ತುಟಿ ನಡುಗುತ್ತಿದ್ದದ್ದು ನಾನು ನೋಡಿದೆ. ಆವತ್ತಿನವರೆಗೆ ಮಾಸ್ತರುಗಳಿಗೆ ಹೆದರಿಕೆ ಆಗುತ್ತದೆ ಅಂತ ನನಗೆ ಗೊತ್ತಿರಲಿಲ್ಲ. ಅಷ್ಟರಲ್ಲಿ ಹಿಂದಿನಿಂದ ಅಕ್ಕೋರ ಕೂಗು ಕೇಳಿತು. ಒಬ್ಬ ಹುಡುಗಿಯ ಕಾಲು ಉಳುಕಿತ್ತು, ಅವಳ ಜೊತೆ ಅವರೂ ಉಳಿದಿದ್ದರು. ಮಾಸ್ತರು ಓಡಿಹೋಗಿ, "ಬಾ ತಂಗಿ" ಅಂತ ಅವಳನ್ನು ಬೆನ್ನಿಗೇರಿಸಿಕೊಂಡರು.

ಕತ್ತಲಾದ ಮೇಲೆ ಕಾಡಂಚಿನ ಒಂದು ತೋಟದ ಮನೆ ಮುಟ್ಟಿದೆವು. ಆ ಮನೆಯವರು ಸೂಡಿ ಹಿಡಿದು ಅಂಗಳಕ್ಕೇ ಬಂದರು. ಯಾರು, ಎತ್ತ ಅಂತ ಕೇಳುವ ಮೊದಲು "ಆಸರಿಗೆ ಏನು ಬೇಕು?" ಎಂದರು, ಕುಡಿಯಲು ಏನು ಕೊಡಲಿ ಅಂತ. ಮೂವತ್ತು ಮಂದಿಗೆ ಬಿಸಿ ಗಂಜಿ, ಮಿಡಿ ಉಪ್ಪಿನಕಾಯಿ. ಅಂಥ ರುಚಿ ಮತ್ತೆಲ್ಲೂ ನನಗೆ ಸಿಕ್ಕಿಲ್ಲ. ಜಗಲಿಯಲ್ಲಿ ಕಂಬಳಿ ಹಾಸಿ ಮಲಗಿದೆವು. ರಾತ್ರಿ ಎಚ್ಚರವಾದಾಗಲೆಲ್ಲ ನೋಡಿದೆ, ಮಾಸ್ತರು ಕಂಬಕ್ಕೆ ಒರಗಿ ಕೂತೇ ಇದ್ದರು.

ಸೋಮವಾರ ಬಸ್ ಸ್ಟ್ಯಾಂಡಿನಲ್ಲಿ ಅಪ್ಪ-ಅಮ್ಮಂದಿರೆಲ್ಲ ನಿಂತಿದ್ದರು. ರಾತ್ರಿಯಿಡೀ ಸುದ್ದಿಯಿಲ್ಲದೆ ಕಂಗಾಲಾದವರು. ಮಾಸ್ತರಿಗೆ ಜೋರಾಗಿಯೇ ಬೈದರು. ಅವರು ಕೈಮುಗಿದು ನಿಂತುಕೊಂಡರು. ಬಿಳಿ ಕಲ್ಲಿನ ಮಾತು ಎತ್ತಲೇ ಇಲ್ಲ. ನಾನಾದರೂ ಹೇಳಬೇಕಿತ್ತು, ಹೇಳಲಿಲ್ಲ. ಅದಕ್ಕೇ ಈಗ ಇಲ್ಲಿ ಬರೆಯುತ್ತಿದ್ದೇನೆ.

ಮಂಗಳವಾರ ಮೊದಲ ಪಿರಿಯಡ್ ಅವರದ್ದೇ. ಹಾಜರಿ ಪುಸ್ತಕ ಮೇಜಿನ ಮೇಲಿಟ್ಟರು, ತೆರೆಯಲಿಲ್ಲ. ಬೆರಳು ಮಾಡಿ, ಬೆಂಚಿನಿಂದ ಬೆಂಚಿಗೆ, ನಮ್ಮನ್ನು ಎಣಿಸಿದರು. 28 ಆದ ಮೇಲೆ ಕುರ್ಚಿಯಲ್ಲಿ ಕೂತರು.