ಮೂರು ಡಾಟ್ ಆದರೆ ಔಟ್

2024ರ ದೀಪಾವಳಿಗೆ ದಾವಣಗೆರೆಗೆ ಹೋಗಿದ್ದೆ. ಬಲಿಪಾಡ್ಯಮಿಯ ಮರುದಿನ, ನವೆಂಬರ್ 3, ಭಾನುವಾರ. ಹೋಳಿಗೆ ತಿಂದು ತಿಂದು ಬಾಯಿ ಸಪ್ಪೆಯಾಗಿತ್ತು. ಅಕ್ಕನ ಮಗನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಬೆಣ್ಣೆ ದೋಸೆಗೆ ಹೊರಟೆ. ಮುಂಬೈನಲ್ಲಿ ನ್ಯೂಜಿಲೆಂಡ್ ಜೊತೆ ಮೂರನೇ ಟೆಸ್ಟ್ ನಡೀತಿತ್ತು. ಗೆಲ್ಲಲು ಬೇಕಾಗಿದ್ದು ಬರೀ 147. ಸರಣಿ ಅದಾಗಲೇ ಕೈಬಿಟ್ಟಿತ್ತು. ಮರ್ಯಾದೆಗೆ ಇದೊಂದಾದರೂ ಗೆಲ್ತಾರೆ ಅಂದುಕೊಂಡಿದ್ದೆ.

ಹೋಟೆಲಿನಲ್ಲಿ ಹಬ್ಬದ ರಶ್. ಗೋಡೆಗೆ ಒರಗಿ ನಿಂತು ಹುಡುಗ ಮೊಬೈಲ್ ತೆಗೆದ. ನಮಗೆ ಜಾಗ ಸಿಗುವ ಹೊತ್ತಿಗೆ ರೋಹಿತ್ ಹೋಗಿದ್ದ. ಹಂಚಿಗೆ ನೀರು ಚಿಮುಕಿಸಿ, ಪೊರಕೆಯಲ್ಲಿ ಗುಡಿಸಿ, ಹಿಟ್ಟು ಹುಯ್ಯುವಷ್ಟರಲ್ಲಿ ಗಿಲ್. ಅದೂ ಬಾಲ್ ಆಚೆ ಹೋಗುತ್ತೆ ಅಂತ ಬಿಟ್ಟು ಬೌಲ್ಡ್. ದೋಸೆ ಬಂತು. ಮೇಲಿನ ಬೆಣ್ಣೆ ಇನ್ನೂ ಕರಗಿರಲಿಲ್ಲ, ಕೊಹ್ಲಿ ಸ್ಲಿಪ್‌ನಲ್ಲಿ ಕ್ಯಾಚ್ ಕೊಟ್ಟ. 18ಕ್ಕೆ 3. ಆಲೂಗಡ್ಡೆ ಪಲ್ಯ ಮುಗಿಸುವಾಗ 29ಕ್ಕೆ 5. ಸರ್ಫರಾಜ್ ಫುಲ್‌ಟಾಸ್ ಸ್ವೀಪ್ ಮಾಡೋಕೆ ಹೋಗಿ ಕ್ಯಾಚ್ ಕೊಟ್ಟಿದ್ದ.

ಸಪ್ಲೈಯರ್ ಹುಡುಗ ಬಂದು, "ಇನ್ನೊಂದು ಹಾಕ್ಸಲಾ ಅಣ್ಣ, ಇಲ್ಲಾ ನೀವೂ ಆಲೌಟಾ?" ಅಂದ. ಇನ್ನೊಂದು ಹಾಕಿಸಿದೆ. ಕ್ರಿಕೆಟ್ಟಿಗಾಗಿ ದಾವಣಗೆರೆ ದೋಸೆ ಬಿಡುವವನು ನಾನಲ್ಲ.

ಮನೆಗೆ ಬಂದರೆ ದೊಡ್ಡಪ್ಪ ಟೀವಿ ಮುಂದೆ ಮಂಡಕ್ಕಿ ತಟ್ಟೆ ಹಿಡಿದು ಕೂತಿದ್ದರು. ಕಾಟನ್ ಮಿಲ್‌ನಲ್ಲಿ ಕೆಲಸ ಮಾಡಿದವರು. ನಮ್ಮೂರನ್ನ ಕರ್ನಾಟಕದ ಮ್ಯಾಂಚೆಸ್ಟರ್ ಅಂತಿದ್ದ ಕಾಲ ನೋಡಿದವರು, ಆಮೇಲೆ ಒಂದೊಂದೇ ಮಿಲ್ ಬೀಗ ಹಾಕಿಕೊಂಡಿದ್ದನ್ನೂ ನೋಡಿದವರು. ಕ್ರಿಕೆಟ್ ಅಂದರೆ ಅವರಿಗೆ ವಿಶ್ವನಾಥ್. ನಮ್ಮ ಭದ್ರಾವತಿ ಹುಡುಗ ಅಂತಲೇ ಹೇಳುವುದು, ಇಬ್ಬರೂ ಒಂದೇ ಬಸ್ಸಿನಲ್ಲಿ ಓಡಾಡಿದ್ದರು ಅನ್ನೋ ಥರ.

ಪಂತ್ ಒಬ್ಬ ಹೊಡೀತಿದ್ದ. ಊಟದ ಹೊತ್ತಿಗೆ 92ಕ್ಕೆ 6. ದೊಡ್ಡಪ್ಪ ಮಂಡಕ್ಕಿಯಲ್ಲಿ ಶೇಂಗಾ ಹುಡುಕೋದನ್ನೂ ನಿಲ್ಲಿಸಿದರು. ಊಟ ಆದ ಮೇಲೆ ಅಂಪೈರ್ ನಾಟೌಟ್ ಕೊಟ್ಟಿದ್ದನ್ನ ನ್ಯೂಜಿಲೆಂಡಿನವರು ರಿವ್ಯೂ ತಗೊಂಡು ಪಂತ್‌ನನ್ನು ಔಟ್ ಮಾಡಿಸಿಬಿಟ್ಟರು. ಬಾಲ್ ಬ್ಯಾಟಿಗೆ ತಾಗಿತ್ತಾ, ಬ್ಯಾಟೇ ಪ್ಯಾಡಿಗೆ ತಾಗಿದ್ದಾ ಅಂತ ನಾವು ಜಗಳ ಆಡ್ತಿರುವಾಗಲೇ 121ಕ್ಕೆ ಮುಗೀತು. 25 ರನ್‌ಗಳಿಂದ ಸೋಲು. ಸರಣಿ 0-3.

"ಮುಗೀತು ಬಿಡಲೇ ತಮ್ಮ ಈ ಟೀಮು" ಅಂದರು ದೊಡ್ಡಪ್ಪ. "ಮಿಲ್ಲು ಬೀಗ ಹಾಕಿದ ದಿನ ಮುಚ್ಚಿದ್ದಲ್ಲ. ಹಳೇ ಮೆಷಿನ್ನು ಓಡ್ತಿದ್ವು, ನೂಲು ಬರ್ತಿತ್ತು. ಅದಕ್ಕೇ ಯಾರಿಗೂ ಗೊತ್ತಾಗ್ಲಿಲ್ಲ."

ನನಗೆ ಒಪ್ಪಿಗೆ ಆಗಲಿಲ್ಲ. 2012ರ ಜನವರಿ ನೆನಪು ಮಾಡಿದೆ. ಆಗ ನಮ್ಮೂರಿನ ಬೌಲರ್ ವಿನಯ್ ಕುಮಾರ್, ದಾವಣಗೆರೆ ಎಕ್ಸ್‌ಪ್ರೆಸ್ ಅಂತಲೇ ಹೆಸರಾದವನು, ಪರ್ತ್‌ನಲ್ಲಿ ಟೆಸ್ಟ್ ಆಡಿದ್ದ. ಅವನಿಗೆ ಸಿಕ್ಕಿದ್ದು ಅದೊಂದೇ ಟೆಸ್ಟ್, ಅದೊಂದೇ ವಿಕೆಟ್. ವಾರ್ನರ್ 180 ಹೊಡೆದ, ಮೂರನೇ ದಿನಕ್ಕೇ ಆಟ ಮುಗಿದಿತ್ತು. ಇಂಗ್ಲೆಂಡಿನಲ್ಲಿ 0-4, ಆಸ್ಟ್ರೇಲಿಯಾದಲ್ಲಿ 0-4. ಆಗಲೂ ಎಲ್ಲರೂ ತಿಥಿ ಮಾಡಿಯೇ ಬಿಟ್ಟಿದ್ದರು. ದ್ರಾವಿಡ್, ಲಕ್ಷ್ಮಣ್ ಅದೇ ವರ್ಷ ಹೋದರು. ವರ್ಷದ ಕೊನೆಗೆ ಇಂಗ್ಲೆಂಡ್ ಇಲ್ಲಿಗೇ ಬಂದು ಸೋಲಿಸಿ ಹೋಯಿತು. ಅದಾದ ಮೇಲೆ ತವರಿನಲ್ಲಿ ಸಾಲಾಗಿ 18 ಟೆಸ್ಟ್ ಸರಣಿ ಗೆದ್ದಿದ್ದು ಇದೇ ಟೀಮ್ ಅಲ್ವಾ? "ಹೊಸ ಹುಡುಗ್ರು ಬರ್ತಾರೆ ದೊಡ್ಡಪ್ಪ, ಮಿಲ್ಲಿಗೆ ಬರಲಿಲ್ಲ ಅಷ್ಟೇ" ಅಂದೆ. ಅಂದಮೇಲೆ ಅನ್ನಬಾರದಿತ್ತು ಅನಿಸಿತು. ಅವರು ಎದ್ದು ತಟ್ಟೆ ಒಳಗಿಟ್ಟು ಬಂದರು.

ಆದರೆ ಒಂದು ವಿಷಯ ನನ್ನನ್ನೂ ಚುಚ್ಚುತ್ತಿತ್ತು. ಬೆಂಗಳೂರಿನಲ್ಲಿ 46ಕ್ಕೆ ಆಲೌಟ್ ಆಗಿದ್ದು ಮೋಡ, ತೇವ, ವೇಗದ ಬೌಲಿಂಗ್ ಅಂತ ಒಪ್ಪಿಕೊಳ್ಳೋಣ. ಆಮೇಲೆ ಪುಣೆಯಲ್ಲಿ ಬಾಲ್ ತಿರುಗುವ ಪಿಚ್ ಕೊಟ್ಟರು. ಅಲ್ಲಿ ಅದುವರೆಗೆ ಟೆಸ್ಟ್‌ನಲ್ಲಿ ಒಮ್ಮೆಯೂ ಐದು ವಿಕೆಟ್ ತೆಗೆಯದಿದ್ದ ಸ್ಯಾಂಟ್ನರ್ 13 ವಿಕೆಟ್ ತೆಗೆದ. ಮುಂಬೈನಲ್ಲಿ ಎಜಾಜ್ ಪಟೇಲ್ 11. ಸ್ಪಿನ್ ನಮ್ಮ ಮನೆ ಅಡುಗೆ ಅಂದುಕೊಂಡಿದ್ದೆವು. ಪಿಚ್ ಅಷ್ಟೊಂದು ತಿರುಗಿದರೆ ಅಶ್ವಿನ್‌ಗೂ ಬೇರೆಯವರಿಗೂ ವ್ಯತ್ಯಾಸವೇ ಉಳಿಯೋದಿಲ್ಲ. ಆಗ ಲೆಕ್ಕಕ್ಕೆ ಬರೋದು ಯಾರ ಬ್ಯಾಟ್ಸ್‌ಮನ್ ಜಾಸ್ತಿ ಹೊತ್ತು ನಿಲ್ತಾನೆ ಅನ್ನೋದು. ನಮ್ಮವರು ನಿಲ್ಲಲಿಲ್ಲ.

ಸಂಜೆ ಹುಡುಗ ಹೈಸ್ಕೂಲ್ ಮೈದಾನಕ್ಕೆ ಎಳೆದುಕೊಂಡು ಹೋದ. ಟೆನಿಸ್ ಬಾಲ್, ಒಂದು ಕಡೆ ಚಪ್ಪಲಿ ವಿಕೆಟ್, ಇನ್ನೊಂದು ಕಡೆ ಕಲ್ಲು. ಎಲ್ಲ ಕಡೆ ಪಟಾಕಿ ಕಾಗದದ ಚೂರು. ದೊಡ್ಡವನು ಅಂತ ನನಗೆ ಮೊದಲೇ ಬ್ಯಾಟಿಂಗ್ ಕೊಟ್ಟರು. ಒಬ್ಬ ಸಣ್ಣ ಹುಡುಗ ಆಫ್ ಸ್ಪಿನ್ ಹಾಕಿದ. ಬೆಳಿಗ್ಗೆಯ ಸಿಟ್ಟೆಲ್ಲ ಇತ್ತಲ್ಲ, ಎಡಗಾಲು ಮುಂದಿಟ್ಟು, ತಲೆ ಬಾಲಿನ ಮೇಲೆ ತಂದು, ನೆಲಕ್ಕೆ ತಡೆದೆ. ಎರಡನೆಯದನ್ನೂ. ಮೂರನೆಯದು ಚೆನ್ನಾಗಿ ತಿರುಗಿತು, ಅದನ್ನೂ ಕಾಲ ಬಳಿಯೇ ಸಾಯಿಸಿದೆ. ಯಾರಾದರೂ ಚಪ್ಪಾಳೆ ಹೊಡೀಬಹುದು ಅಂತ ನೋಡಿದೆ.

"ಔಟ್ ಮಾವ" ಅಂದ ಅಕ್ಕನ ಮಗ.

"ಯಾಕೋ?"

"ಮೂರು ಡಾಟ್ ಆದ್ರೆ ಔಟ್. ಹದಿನೈದು ಜನ ಇದೀವಿ, ಕತ್ತಲಾಗೋದ್ರೊಳಗೆ ಎಲ್ರಿಗೂ ಬ್ಯಾಟಿಂಗ್ ಸಿಗ್ಬೇಕಲ್ಲ."

ನಿಜ, ಮೂರು ಬಾಲಿಗೂ ರನ್ ಬಂದಿರಲಿಲ್ಲ. ಸುಮ್ನೆ ಬ್ಯಾಟ್ ಕೊಟ್ಟೆ. ಅವರ ಲೆಕ್ಕದಲ್ಲಿ ತಪ್ಪೇನಿಲ್ಲ. ಆ ವರ್ಷ ಜೂನ್‌ನಲ್ಲಿ ಬಾರ್ಬಡೋಸ್‌ನಲ್ಲಿ ಟಿ20 ವಿಶ್ವಕಪ್ ಗೆದ್ದಾಗ ಇದೇ ಮೈದಾನದ ಹುಡುಗರು ಮಧ್ಯರಾತ್ರಿ ಕುಣಿದಿದ್ದರಂತೆ. 2025ರ ಮಾರ್ಚ್‌ನಲ್ಲಿ ದುಬೈನಲ್ಲಿ ಚಾಂಪಿಯನ್ಸ್ ಟ್ರೋಫಿಯೂ ಬಂತು, ಅದೂ ನ್ಯೂಜಿಲೆಂಡನ್ನೇ ಸೋಲಿಸಿ. ಇಂಥ ಟೀಮಿಗೆ ಇಳಿಗಾಲ ಬಂತು ಅಂದರೆ ಯಾರು ನಂಬ್ತಾರೆ? ಟೀಮ್ ಇಳಿದಿಲ್ಲ. ತಡೆದು ನಿಲ್ಲೋ ಕಸುಬು ಇಳಿದಿದೆ.

ಅಶ್ವಿನ್, ರೋಹಿತ್, ಕೊಹ್ಲಿ ಆರೇಳು ತಿಂಗಳಲ್ಲಿ ಟೆಸ್ಟ್ ಬಿಟ್ಟರು. ಗಿಲ್ ಕೈಗೆ ಟೀಮ್ ಬಂತು. ಇಂಗ್ಲೆಂಡಿನಲ್ಲಿ 2-2 ಮಾಡಿ ಬಂದರು, ಓವಲ್‌ನಲ್ಲಿ ಸಿರಾಜ್ 6 ರನ್‌ಗಳಿಂದ ಗೆಲ್ಲಿಸಿದ ದಿನ ನಾನೇ ದೊಡ್ಡಪ್ಪನಿಗೆ ಫೋನ್ ಮಾಡಿ ಮೆರೆದೆ. ನವೆಂಬರ್‌ನಲ್ಲಿ ದಕ್ಷಿಣ ಆಫ್ರಿಕಾ ಬಂತು. ಕೋಲ್ಕತ್ತದಲ್ಲಿ ಬೇಕಾಗಿದ್ದು 124, ಆಗಿದ್ದು 93. ಗುವಾಹಟಿಯಲ್ಲಿ 408 ರನ್‌ಗಳ ಸೋಲು. ಆಫ್ ಸ್ಪಿನ್ನರ್ ಹಾರ್ಮರ್‌ಗೆ ಎರಡು ಟೆಸ್ಟ್‌ನಲ್ಲಿ 17 ವಿಕೆಟ್.

ಈ ಸಲ ಫೋನ್ ಮಾಡಿದ್ದು ದೊಡ್ಡಪ್ಪ. "ಹೊಸ ಹುಡುಗ್ರು ಅಂದಿದ್ಯಲ್ಲ" ಅಂದು ನಕ್ಕರು. ಏನು ಹೇಳಬೇಕೋ ತೋಚದೆ, ಪಕ್ಕದಲ್ಲೇ ಇದ್ದ ಅಕ್ಕನ ಮಗನಿಗೆ ಕೊಡಿ ಅಂದೆ. ಮೈದಾನದಲ್ಲಿ ಈಗಲೂ ಮೂರು ಡಾಟ್ ಆದರೆ ಔಟಾ ಅಂತ ಕೇಳಿದೆ.

"ಇಲ್ಲ ಮಾವ, ಈಗ ಎರಡೇ. ಹುಡುಗ್ರು ಜಾಸ್ತಿ ಆಗಿದಾರೆ."